ಬ್ರೌನ್ ಮೊಟ್ಟೆಯಲ್ಲಿ ವಿಟಮಿನ್ ಜಾಸ್ತಿಯಾ?

ಪ್ರಶ್ನೆ: ಮಗಳು ಬಾಣಂತಿ. "ಬಿಳಿ ಮೊಟ್ಟೆ ಬೇಡ, ಬ್ರೌನ್ ಕೊಡಿ, ಅದು ಊರ ಕೋಳಿಯದ್ದು, ವಿಟಮಿನ್ ಜಾಸ್ತಿ" ಅಂತ ನೋಡಲು ಬಂದವರೆಲ್ಲ ಹೇಳುತ್ತಾರೆ. ಬಿಳಿ ಮೊಟ್ಟೆ ಕೊಟ್ಟರೆ ಆಗುವುದಿಲ್ಲವಾ?
– ಒಬ್ಬರು ತಾಯಿ, ಉಡುಪಿ

ಆಗುತ್ತದೆ ಅಮ್ಮಾ, ಧಾರಾಳವಾಗಿ ಕೊಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಆದರೂ ಬಾಣಂತಿಯ ತಟ್ಟೆಯ ವಿಷಯವಾದ್ದರಿಂದ ಮತ್ತೊಮ್ಮೆ ಬರೆಯುತ್ತೇನೆ.

ಚಿಪ್ಪಿನ ಬಣ್ಣ ಬರುವುದು ಕೋಳಿಯ ತಳಿಯಿಂದ. ಬಿಳಿ ಲೆಗ್‌ಹಾರ್ನ್ ಬಿಳಿ ಮೊಟ್ಟೆ ಇಡುತ್ತದೆ, ರೋಡ್ ಐಲ್ಯಾಂಡ್ ರೆಡ್ ಕಂದು ಮೊಟ್ಟೆ ಇಡುತ್ತದೆ. ಚಿಪ್ಪು ಕಟ್ಟಿ ಮುಗಿಯುವ ಹೊತ್ತಿಗೆ ಪ್ರೊಟೊಪಾರ್ಫಿರಿನ್ ಎಂಬ ಬಣ್ಣದ ವಸ್ತು ಅದರ ಮೇಲೆ ಹತ್ತಿಕೊಳ್ಳುತ್ತದೆ. ಅದು ಒಳಗಿನ ಆಹಾರಕ್ಕೆ ಏನನ್ನೂ ಸೇರಿಸುವುದಿಲ್ಲ. ನಂಬಿಕೆ ಬಾರದಿದ್ದರೆ ನಾಳೆ ಆಮ್ಲೆಟ್ ಮಾಡುವಾಗ ಕಂದು ಚಿಪ್ಪನ್ನು ಎಸೆಯದೆ ಇಟ್ಟುಕೊಳ್ಳಿ. ಒಳಗಿನ ತೆಳು ಪೊರೆಯನ್ನು ಉಗುರಿನಿಂದ ಸುಲಿದು ನೋಡಿ, ಒಳಬದಿ ಬಿಳಚಿಕೊಂಡಿರುತ್ತದೆ. ಹೊರಬದಿಗೆ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಉಜ್ಜಿ, ಕಂದು ಬಣ್ಣ ಬಟ್ಟೆಗೆ ಬರುತ್ತದೆ. ತರಗತಿಯಲ್ಲಿ ಮಕ್ಕಳ ಕೈಯಲ್ಲೇ ಇದನ್ನು ಮಾಡಿಸಿದ್ದೇನೆ. ತಾನೇ ಉಜ್ಜಿ ನೋಡಿದ ಒಂದು ಮಗುವೂ ಮತ್ತೆ ಈ ಪ್ರಶ್ನೆ ಕೇಳಲಿಲ್ಲ.

ಇನ್ನು "ಬ್ರೌನ್ ಅಂದರೆ ಊರ ಕೋಳಿ" ಎಂಬ ಮಾತು. ಹಿತ್ತಿಲಲ್ಲಿ ನಾಲ್ಕು ಹೇಂಟೆ ಸಾಕಿದವರನ್ನು ಕೇಳಿ. ಒಂದರ ಮೊಟ್ಟೆ ಕೆನೆ ಬಣ್ಣ, ಇನ್ನೊಂದರದ್ದು ತೆಳು ಕಂದು, ಮತ್ತೊಂದರದ್ದು ಹೆಚ್ಚುಕಡಿಮೆ ಬಿಳಿ. ಗಾತ್ರವೂ ಸಣ್ಣದು. ಅಂಗಡಿಯ ಟ್ರೇಯಲ್ಲಿ ಮೂವತ್ತೂ ಒಂದೇ ಬಣ್ಣ, ಒಂದೇ ಗಾತ್ರದಲ್ಲಿ ಕೂತಿದ್ದರೆ ಅವು ಫಾರಂ ಮೊಟ್ಟೆಗಳೇ. ಬಣ್ಣ ನೋಡಿ ಹೆಚ್ಚು ದುಡ್ಡು ಕೊಡುವ ಬದಲು ಆ ದುಡ್ಡಿಗೆ ಮನೆಮಂದಿಗೆಲ್ಲ ಬೂತಾಯಿ ಮೀನು ತನ್ನಿ. ವಿಟಮಿನ್ ಡಿ, ಬಿ12 ಎರಡೂ ಅದರಲ್ಲಿ ಚೆನ್ನಾಗಿವೆ. ಬಿಸಿಯೂಟದ ಬಿಳಿ ಮೊಟ್ಟೆಯಲ್ಲಿ ಏನೂ ಇಲ್ಲ ಎಂದು ಮಕ್ಕಳ ಮುಂದೆ ಹೇಳುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ವಿಟಮಿನ್‌ಗಳು ಬಹುಪಾಲು ಇರುವುದು ಹಳದಿಯಲ್ಲಿ: ಎ, ಡಿ, ಇ, ಬಿ12, ಫೋಲೇಟ್. 50 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 150 ಮಿಲಿಗ್ರಾಂನಷ್ಟು ಕೋಲಿನ್. ಈ ಕೋಲಿನ್ ಎದೆಹಾಲಿನ ಮೂಲಕ ಮಗುವಿಗೂ ಹೋಗುತ್ತದೆ, ಮಗುವಿನ ಮಿದುಳು ಬೆಳೆಯಲು ಬೇಕು. ಹಾಗಾಗಿ ಹಳದಿ ತೆಗೆದು ಬರೀ ಬಿಳಿ ಕೊಡಬೇಡಿ. ಮೊಟ್ಟೆಯಲ್ಲಿ ಇಲ್ಲದ್ದು ವಿಟಮಿನ್ ಸಿ. ಅದಕ್ಕೆ ನೆಲ್ಲಿಕಾಯಿಯೋ ಲಿಂಬೆಯೋ ಜೊತೆಗಿರಲಿ.

ಊರ ಕೋಳಿಗೆ ಸಲ್ಲಬೇಕಾದ ಮರ್ಯಾದೆಯನ್ನೂ ಕೊಡುತ್ತೇನೆ. ಬಿಸಿಲಲ್ಲಿ ಅಡ್ಡಾಡುವ ಕೋಳಿಯ ಹಳದಿಯಲ್ಲಿ ವಿಟಮಿನ್ ಡಿ ಹೆಚ್ಚಿರುತ್ತದೆ. ಅದು ಬಿಸಿಲಿನ ಗುಣ, ಚಿಪ್ಪಿನದ್ದಲ್ಲ. ಹಳದಿ ಗಾಢವಾಗಿದ್ದ ಮಾತ್ರಕ್ಕೂ ಮರುಳಾಗಬೇಡಿ. ಫಾರಂ ಕೋಳಿಗೆ ಮೆಕ್ಕೆಜೋಳವನ್ನೋ ಚೆಂಡುಹೂವಿನ ಸಾರವನ್ನೋ ತಿನ್ನಿಸಿದರೂ ಆ ಬಣ್ಣ ಬರುತ್ತದೆ.

ನೀವು ಕೇಳಲಿಲ್ಲ, ಆದರೂ ಒಂದು ಮಾತು ಹೇಳದೆ ಬಿಡಲಾರೆ. ಊರ ಮೊಟ್ಟೆ ಸಿಕ್ಕಿತೆಂದರೆ ಶಕ್ತಿ ಬರುತ್ತದೆಂದು ಹಸಿಯಾಗಿಯೇ ಕುಡಿಸುವ ಮನೆಗಳಿವೆ. ದಯವಿಟ್ಟು ಬೇಡ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ನೂರಕ್ಕೆ ಸುಮಾರು 90 ಭಾಗ ಮೈಗೆ ಹತ್ತಿದರೆ, ಹಸಿಯದ್ದು ಅರ್ಧದಷ್ಟೇ. ಹಸಿ ಬಿಳಿಯಲ್ಲಿರುವ ಅವಿಡಿನ್ ಬಯೋಟಿನ್ ಎಂಬ ವಿಟಮಿನ್ನನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ಬೇಯಿಸಿದರೆ ಆ ಕಾಟವಿಲ್ಲ. ಸಾಲ್ಮೊನೆಲ್ಲಾ ಎಂಬ ರೋಗಾಣು ಊರ ಕೋಳಿಯಲ್ಲೂ ಇರಬಹುದು. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ, ಹಳದಿ ಗಟ್ಟಿಯಾಗಿದೆಯೇ ನೋಡಿ, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ಬಿಸಿಬಿಸಿಯಾಗಿ ಮಗಳಿಗೆ ಕೊಡಿ.