ಹಾಯಿದೋಣಿಯ ಟಾಯ್ಲೆಟ್ ಬದಲಿಸುವವರಿಗೆ: ಆ ಲೂಪ್ ಪಂಪ್ ದಾಟಿದ ಮೇಲೆ ಬರಲಿ

ಕೈಪಂಪಿನ ಟಾಯ್ಲೆಟ್ ಬದಲಿಸುವುದು ಕಷ್ಟದ ಕೆಲಸವಲ್ಲ, ಗಲೀಜಿನ ಕೆಲಸ ಅಷ್ಟೇ. ನಾಲ್ಕು ಬೋಲ್ಟ್, ಎರಡು ಹೋಸ್. ಸ್ಪ್ಯಾನರ್ ಹಿಡಿದು ಗೊತ್ತಿರುವ ಯಾರಾದರೂ ಒಂದು ಶನಿವಾರದಲ್ಲಿ ಮುಗಿಸಬಹುದು. ಆದರೂ ಇಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಹ್ಯಾಂಬಲ್ ನದಿಯ ಬೋಟ್‌ಯಾರ್ಡುಗಳಲ್ಲಿ, ಪ್ರತಿ ವಸಂತಕ್ಕೂ ಅದೇ ಕೆಲಸ ಅದೇ ರೀತಿ ಕೆಟ್ಟು ನನ್ನ ಹತ್ತಿರ ಬರುತ್ತದೆ. ಈಚೆಗೆ ನಮ್ಮ ಕನ್ನಡದವರೂ ನಾಲ್ಕೈದು ಜನ ಸೇರಿ ಎಂಬತ್ತರ ದಶಕದ 30 ಅಡಿಯ ಹಳೇ ಹಾಯಿದೋಣಿ ಕೊಳ್ಳುತ್ತಿದ್ದಾರೆ. ನನಗೆ ಇದು ನಿಜವಾಗಿ ಖುಷಿ ಕೊಡುವ ವಿಷಯ. ಅವರೂ ಅದೇ ತಪ್ಪು ಮಾಡುತ್ತಾರೆ, ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸೀಕಾಕ್ (ಸಮುದ್ರದ ನೀರು ಒಳಬರುವ, ಹೊರಹೋಗುವ ತೂತಿಗೆ ದೋಣಿಯ ಒಡಲಲ್ಲಿ ಹಾಕಿದ ನಲ್ಲಿ) ಮುಚ್ಚಿ ಕೆಲಸ ಶುರುಮಾಡಿ, ಗ್ಲವ್ಸ್ ಹಾಕಿಕೊಳ್ಳಿ, ಇದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ. ಒಂದು ಮಾತು ಮಾತ್ರ. ಹಿಡಿ ತಿರುಗಿತು ಅಂದ ಮಾತ್ರಕ್ಕೆ ಸೀಕಾಕ್ ಮುಚ್ಚಿತು ಅಂತಲ್ಲ. ಸಾದಾ ಹಿತ್ತಾಳೆಯದಾಗಿದ್ದರೆ ಉಪ್ಪುನೀರಿಗೆ ಅದರ ಸತು ಕರಗಿಹೋಗಿ, ಲೋಹ ತಿಳಿಗುಲಾಬಿ ಬಣ್ಣಕ್ಕೆ ತಿರುಗಿ, ಕೈಯಲ್ಲೇ ಮುರಿಯುವಷ್ಟು ಪೊಳ್ಳಾಗಿರಬಹುದು. ಸಾಧ್ಯವಾದರೆ ದೋಣಿ ದಡದಲ್ಲಿರುವಾಗಲೇ ಟಾಯ್ಲೆಟ್ ಬಿಚ್ಚಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಸಣ್ಣ ಹಾಯಿದೋಣಿಯಲ್ಲಿ ಟಾಯ್ಲೆಟ್ಟಿನ ಅಂಚು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ, ಇಲ್ಲವೇ ಹೆಚ್ಚುಕಮ್ಮಿ ಅದೇ ಮಟ್ಟದಲ್ಲಿರುತ್ತದೆ. ದೋಣಿ ಗಾಳಿಗೆ ಟಾಯ್ಲೆಟ್ ಇರುವ ಬದಿಗೆ ವಾಲಿದಾಗ ಇನ್ನೂ ಕೆಳಗೆ ಹೋಗುತ್ತದೆ. ಸಮುದ್ರದಿಂದ ಬೋಗುಣಿಯ ತನಕ ನೀರು ತುಂಬಿದ ಹೋಸ್ ಇದೆ. ನೀವು ಪಂಪ್ ಮಾಡುವುದನ್ನು ನಿಲ್ಲಿಸಿದರೂ ನೀರು ತಾನಾಗಿ ಬರುತ್ತಲೇ ಇರಬಹುದು. ಡ್ರಮ್ಮಿಗೆ ಪೈಪ್ ಇಳಿಸಿ, ಬಾಯಿಂದ ಒಮ್ಮೆ ಎಳೆದು ಸೀಮೆಎಣ್ಣೆ ತೆಗೆಯುವುದನ್ನು ನೋಡಿದ್ದೀರಲ್ವಾ, ಅದೇ ಸೈಫನ್. ಇಲ್ಲಿ ಡ್ರಮ್ಮಿನ ಜಾಗದಲ್ಲಿರುವುದು ಸಮುದ್ರ, ಅದು ಖಾಲಿಯಾಗುವುದಿಲ್ಲ.

ಇದನ್ನು ತಡೆಯಲು ಹೋಸನ್ನು ನೀರಿನ ಮಟ್ಟಕ್ಕಿಂತ ಮೇಲೆ ಒಯ್ದು, ತಿರುಗಿಸಿ, ಕೆಳಗೆ ತರಬೇಕು. ಆ ಬಾಗಿನ ನೆತ್ತಿಯಲ್ಲಿ ಗಾಳಿ ಒಳಗೆ ಬಿಡುವ ಪುಟ್ಟ ವಾಲ್ವ್ ಇರಬೇಕು. ಇದಕ್ಕೇ ವೆಂಟೆಡ್ ಲೂಪ್ ಅನ್ನುತ್ತೇವೆ. ಬಾಗು ಮಾತ್ರ ಇದ್ದು ಗಾಳಿ ಹೋಗದಿದ್ದರೆ ಪ್ರಯೋಜನವಿಲ್ಲ. ಸೈಫನ್ ಎತ್ತರ ದಾಟಿಯೂ ನಡೆಯುತ್ತದೆ. ಅದನ್ನು ಮುರಿಯುವುದು ಗಾಳಿ.

ಲೂಪ್ ಬೇಕು ಅನ್ನುವುದು ಬಹಳ ಜನರಿಗೆ ಗೊತ್ತು, ಅಂಗಡಿಯಿಂದ ತಂದೂ ಇರುತ್ತಾರೆ. ಎಡವುವುದು ಅದನ್ನು ಹಾಕುವ ಜಾಗದಲ್ಲಿ. ಜಾಬ್‌ಸ್ಕೋ ಥರದ ಟಾಯ್ಲೆಟ್ ಡಬ್ಬಿಯಿಂದ ಹೊರತೆಗೆದಾಗ, ಪಂಪಿನ ತಲೆಯಿಂದ ಬೋಗುಣಿಯ ಹಿಂಭಾಗಕ್ಕೆ ಒಂದು ಗಿಡ್ಡ ಹೋಸ್ ಕಂಪನಿಯಿಂದಲೇ ಸೇರಿಸಿ ಬಂದಿರುತ್ತದೆ. ಕಂಪನಿಯವರೇ ಹಾಕಿದ್ದಾರೆ, ಮುಟ್ಟಬಾರದು ಅಂದುಕೊಳ್ಳುತ್ತಾರೆ. ಹಾಗಾಗಿ ಲೂಪನ್ನು ಸೀಕಾಕಿನಿಂದ ಪಂಪಿಗೆ ಬರುವ ಹೋಸಿಗೆ ಹಾಕುತ್ತಾರೆ. ಅಲ್ಲಿ ಪಂಪ್ ನೀರನ್ನು ಎಳೆಯುತ್ತಿರುತ್ತದೆ. ಎಳೆದ ತಕ್ಷಣ ಲೂಪಿನ ವಾಲ್ವ್ ತೆರೆಯುತ್ತದೆ, ಪಂಪಿಗೆ ನೀರಿನ ಬದಲು ಗಾಳಿ ಸಿಗುತ್ತದೆ. "ಹೊಸ ಟಾಯ್ಲೆಟ್ ನೀರೇ ಎಳೀತಿಲ್ಲ" ಅಂತ ಬರುವ ಫೋನುಗಳಲ್ಲಿ ಜಾಸ್ತಿಯವು ಇವೇ. ಅಂಗಡಿಯವನನ್ನು ಬೈದು, ಟಾಯ್ಲೆಟ್ ವಾಪಸ್ ಕೊಡಲು ಹೊರಟವರೂ ಇದ್ದಾರೆ. ಇನ್ನು ಕೆಲವರು ಸ್ವಲ್ಪ ಯೋಚಿಸಿ, ಗಾಳಿ ಎಲ್ಲಿಂದ ಬರುತ್ತಿದೆ ಅಂತ ಕಂಡುಹಿಡಿದು, ಆ ತೂತನ್ನೇ ಮುಚ್ಚಿಬಿಡುತ್ತಾರೆ. ಈಗ ಟಾಯ್ಲೆಟ್ ಚೆನ್ನಾಗಿ ನಡೆಯುತ್ತದೆ. ಉಳಿದಿರುವುದು ಬಗ್ಗಿಸಿದ ಒಂದು ಪೈಪ್, ಜೊತೆಗೆ "ನಮ್ಮ ದೋಣಿಗೆ ಲೂಪ್ ಇದೆ" ಎಂಬ ಧೈರ್ಯ. ನನ್ನ ಪ್ರಕಾರ ಇದು ಲೂಪೇ ಇಲ್ಲದ್ದಕ್ಕಿಂತ ಕೆಟ್ಟದ್ದು.

ಸರಿಯಾದ ಕ್ರಮ ಇದು. ಆ ಗಿಡ್ಡ ಹೋಸನ್ನು ತೆಗೆದುಬಿಡಿ. ಪಂಪಿನ ತಲೆಯಿಂದ 19 ಮಿಲಿಮೀಟರ್ ಹೋಸನ್ನು ಮೇಲಕ್ಕೆ ಲೂಪಿನ ತನಕ ಒಯ್ಯಿರಿ, ಲೂಪಿನ ಇನ್ನೊಂದು ಕಾಲಿನಿಂದ ಬೋಗುಣಿಗೆ ಇಳಿಸಿ. ಇಲ್ಲಿ ಪಂಪ್ ನೀರನ್ನು ತಳ್ಳುತ್ತಿರುತ್ತದೆ. ಆ ಒತ್ತಡಕ್ಕೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಪಂಪ್ ನಿಲ್ಲಿಸಿದ ಕೂಡಲೇ ತೆರೆದು ಗಾಳಿ ಬಿಡುತ್ತದೆ, ಸೈಫನ್ ಮುರಿಯುತ್ತದೆ. ಪಂಪ್ ಎಳೆಯುವ ಕಡೆ ಗಾಳಿ ಸೇರಬಾರದು, ತಳ್ಳುವ ಕಡೆ ಸೇರಲೇಬೇಕು. ಸೀಕಾಕ್, ಪಂಪ್, ಲೂಪ್, ಬೋಗುಣಿ. ಈ ನಾಲ್ಕನ್ನು ಇದೇ ಕ್ರಮದಲ್ಲಿ ಕಾಗದದ ಮೇಲೆ ಬರೆದು ಟಾಯ್ಲೆಟ್ ಗೋಡೆಗೆ ಅಂಟಿಸಿಕೊಳ್ಳಿ, ಆಮೇಲೆ ಹೋಸ್ ಕತ್ತರಿಸಿ.

ಒಂದು ಎಚ್ಚರಿಕೆ. ಲ್ಯಾವಾಕ್ ಟಾಯ್ಲೆಟ್ ಇದ್ದವರಿಗೆ ಈ ಮಾತು ಹೀಗೇ ಅನ್ವಯಿಸುವುದಿಲ್ಲ. ಅದರ ಪಂಪ್ ಹೊರಹೋಗುವ ಕಡೆ ಇರುತ್ತದೆ, ಮುಚ್ಚಳ ಬಿಗಿಯಾಗಿ ಕೂತು ನಿರ್ವಾತದಿಂದ ನೀರು ಎಳೆಯುತ್ತದೆ, ಒಳಬರುವ ಹೋಸಿನ ಬಾಗಿನಲ್ಲಿ ಅಳತೆ ಮಾಡಿದ ಸಣ್ಣ ತೂತು ಇರುತ್ತದೆ. ಯಾವ ಟಾಯ್ಲೆಟ್ ಆದರೂ ಅದರ ಜೊತೆ ಬಂದ ಪುಸ್ತಿಕೆ ಹೇಳಿದ್ದೇ ಅಂತಿಮ. ನಾನು ನಿಮ್ಮ ದೋಣಿ ನೋಡಿಲ್ಲ.

ಎತ್ತರ ಎಷ್ಟಿರಬೇಕು? ದೋಣಿ ಎಷ್ಟು ವಾಲಬಹುದೋ ಅಷ್ಟು ವಾಲಿದಾಗಲೂ ಲೂಪಿನ ನೆತ್ತಿ ನೀರಿಗಿಂತ ಕನಿಷ್ಠ 20 ಸೆಂಟಿಮೀಟರ್ ಮೇಲಿರಬೇಕು. ಇದನ್ನು ಮರೀನಾದಲ್ಲಿ ನೆಟ್ಟಗೆ ನಿಂತ ದೋಣಿಯಲ್ಲಿ ಅಳೆದು ಸಮಾಧಾನಪಡುವವರು ಬಹಳ. ಲೆಕ್ಕ ಹಾಕಿ ನೋಡಿ. ಲೂಪ್ ದೋಣಿಯ ಮಧ್ಯರೇಖೆಯಿಂದ 1.2 ಮೀಟರ್ ಪಕ್ಕದಲ್ಲಿದೆ ಅನ್ನಿ. ದೋಣಿ ಆ ಕಡೆಗೆ 30 ಡಿಗ್ರಿ ವಾಲಿದರೆ ಅಲ್ಲಿ ನೀರು ಸುಮಾರು 70 ಸೆಂಟಿಮೀಟರ್ ಮೇಲೇರುತ್ತದೆ. ಅದರ ಮೇಲೆ 20. ಅಂದರೆ ನೆಟ್ಟಗಿರುವಾಗ ನೀರಿನಿಂದ 90 ಸೆಂಟಿಮೀಟರಿಗಿಂತ ತುಸು ಮೇಲೆ, ಹೆಚ್ಚುಕಮ್ಮಿ ಡೆಕ್ಕಿನ ಅಡಿಗೇ ತಾಗುವಂತೆ. ಅದಕ್ಕೇ ಲೂಪನ್ನು ಆದಷ್ಟು ಮಧ್ಯಕ್ಕೆ ತನ್ನಿ ಅನ್ನುವುದು. ಬೀರುವಿನೊಳಗೆ ಪೈಪ್ ಕಾಣುತ್ತದೆ, ಚೆನ್ನಾಗಿ ಕಾಣಲ್ಲ ಅಂತ ಹೆಂಡತಿಯೋ ಗಂಡನೋ ಆಕ್ಷೇಪಿಸುತ್ತಾರೆ. ಕಾಣಲಿ ಬಿಡಿ.

ಇಷ್ಟು ಹೇಳಿದ ಮೇಲೂ ಎರಡು ಮಾತು ಬರುತ್ತವೆ. ಒಂದು, "ನಾವು ಲಿವರನ್ನು ಡ್ರೈ ಕಡೆಗೇ ಇಟ್ಟಿರುತ್ತೇವೆ." ಪಂಪಿನ ಮೇಲಿನ ಆ ಲಿವರ್ ಫ್ಲಶ್ ಕಡೆಗಿದ್ದರೆ ಪಂಪ್ ಸಮುದ್ರದ ನೀರನ್ನು ಒಳಗೆ ತರುತ್ತದೆ, ಡ್ರೈ ಕಡೆಗಿದ್ದರೆ ತರುವುದಿಲ್ಲ. ಅದರ ಒಳಗಿರುವುದು ರಬ್ಬರಿನ ಸಣ್ಣ ಪಟ್ಟಿ. ಒಂದು ಎಳೆ ಕಡಲ ಪಾಚಿ ಸಿಕ್ಕಿಕೊಂಡರೆ ಮುಗಿಯಿತು. ಅದು ಬೋಗುಣಿ ಖಾಲಿ ಮಾಡುವ ಅನುಕೂಲಕ್ಕೆ ಇರುವುದು, ಸಮುದ್ರವನ್ನು ತಡೆಯಲು ಅಲ್ಲ. ಎರಡು, "ನಾವು ಸೀಕಾಕ್ ಮುಚ್ಚುತ್ತೇವೆ." ದಯವಿಟ್ಟು ಮುಚ್ಚಿ, ಪ್ರತಿ ಸಲವೂ ಮುಚ್ಚಿ. ಆದರೆ ನಡುರಾತ್ರಿ, ಅಲೆಯಲ್ಲಿ ಹೊಟ್ಟೆ ತೊಳಸುತ್ತಿರುವ ಅತಿಥಿಗೆ ಅದು ನೆನಪಿರುತ್ತದಾ?

ನನಗೆ ತುಂಬ ಬೇಕಾದ ಒಂದು ವಯಸ್ಸಾದ ದಂಪತಿ ಇದ್ದಾರೆ. ಒಮ್ಮೆ ನೀಡಲ್ಸ್ ಬಂಡೆಗಳನ್ನು ದಾಟಿ ಫ್ರಾನ್ಸಿನ ಶೆರ್‌ಬೂರ್ಗಿಗೆ ಹೊರಟಿದ್ದರು. ಗಾಳಿ ಬದಲಾಗದೆ ಗಂಟೆಗಟ್ಟಲೆ ಒಂದೇ ಕಡೆ ವಾಲಿಕೊಂಡು ಹೋಗುತ್ತಿದ್ದರು, ಟಾಯ್ಲೆಟ್ ಇದ್ದದ್ದು ಕೆಳಗಿನ ಬದಿಗೆ. ಕ್ಯಾಬಿನ್ನಿನ ನೆಲದ ಹಲಗೆ ಮೇಲೆ ನೀರು ಕಂಡಿತು. ಯಜಮಾನರು ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡಿದರು. ಉಪ್ಪು. ಕುಡಿಯುವ ನೀರಿನ ಟ್ಯಾಂಕ್ ಅಲ್ಲ ಅಂತ ಗೊತ್ತಾಯಿತು. ಎಂಜಿನ್ ಕಡೆ ನೋಡಿದರು, ಕೀಲ್ ಬೋಲ್ಟ್ ನೋಡಿದರು. ಟಾಯ್ಲೆಟ್ ಬಾಗಿಲು ತೆಗೆಯಬೇಕು ಅಂತ ಹೊಳೆದದ್ದು ಕೊನೆಗೆ. ಬೋಗುಣಿಯ ಅಂಚಿನಿಂದ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗಿನ 19 ಮಿಲಿಮೀಟರ್ ಬಾಯಿಯಿಂದ, ಏನೂ ಅಡ್ಡಿಯಿಲ್ಲದಿದ್ದರೆ, ಲೆಕ್ಕದ ಪ್ರಕಾರ ನಿಮಿಷಕ್ಕೆ ಸುಮಾರು 40 ಲೀಟರ್ ಬರುತ್ತದೆ. ಹೋಸು, ಪಂಪು ತಡೆದು ಅರ್ಧಕ್ಕೆ ಇಳಿಸಿದರೂ ಗಂಟೆಗೆ ಒಂದು ಟನ್ ದಾಟುತ್ತದೆ. ಆಮೇಲೆ ನಾನು ಹೋಗಿ ನೋಡಿದೆ. ಲೂಪ್ ಇತ್ತು, ಒಳ್ಳೆಯ ಲೂಪೇ. ನೆತ್ತಿಯ ಮುಚ್ಚಳ ಬಿಚ್ಚಿದರೆ ವಾಲ್ವ್ ಇರಬೇಕಾದ ಜಾಗದಲ್ಲಿ ಬಿಳೀ ಸಿಲಿಕೋನ್, ಅದರ ಮೇಲೆ ಒತ್ತಿದ ಹೆಬ್ಬೆಟ್ಟಿನ ಗುರುತು ಹಾಗೇ ಇತ್ತು.

ಲೂಪ್ ಸರಿಯಾದ ಜಾಗದಲ್ಲಿದ್ದರೂ ಕೆಲವರು ತೂತು ಮುಚ್ಚುವುದುಂಟು, ಪಂಪ್ ಮಾಡಿದಾಗ ಅಲ್ಲಿಂದ ನೀರು ಚಿಮ್ಮುತ್ತದೆ ಅಂತ. ಚಿಮ್ಮುವುದು ರಬ್ಬರಿನ ತುಟಿಗೆ ಉಪ್ಪು ಕಟ್ಟಿದ್ದರಿಂದ. ಕಿರುಬೆರಳಿನ ಉಗುರಿನಷ್ಟು ಇರುವ ಆ ರಬ್ಬರನ್ನು ಬಿಚ್ಚಿ ಬೆಚ್ಚಗಿನ ಸಿಹಿನೀರಲ್ಲಿ ತೊಳೆದು ಹಾಕಿ. ಗಟ್ಟಿಯಾಗಿದ್ದರೆ ಹೊಸದು ತನ್ನಿ.

ಹೊರಹೋಗುವ 38 ಮಿಲಿಮೀಟರ್ ಹೋಸಿಗೂ ಇದೇ ಎತ್ತರದ ಇನ್ನೊಂದು ಲೂಪ್ ಬೇಕು. ಟಾಯ್ಲೆಟ್ಟಿನಿಂದ ನೇರ ಸಮುದ್ರಕ್ಕಾದರೆ ಟಾಯ್ಲೆಟ್ಟಿಗೂ ಸೀಕಾಕಿಗೂ ನಡುವೆ. ಪಂಪಿನಿಂದ ಹೊರಹೋದದ್ದು ಹಿಂದೆ ಬರದಂತೆ ತಡೆಯುವ ರಬ್ಬರಿನ ಜೋಕರ್ ವಾಲ್ವನ್ನು ನಂಬಿ ಇದನ್ನು ಬಿಡಬೇಡಿ. ಹಳೇ ಹೋಸನ್ನೂ ಇದೇ ಸಲ ಎಸೆಯಿರಿ. ಮೂತ್ರ ಮತ್ತು ಉಪ್ಪುನೀರು ಸೇರಿ ಒಳಗೆ ಸುಣ್ಣದಂತೆ ಗಟ್ಟಿಕಟ್ಟಿರುತ್ತದೆ. ಹೊಸ ಪಂಪಿನ ಹಿಡಿಯೂ ಬಿಗಿ ಅನ್ನಿಸಿದರೆ ಕಾರಣ ಬಹುಪಾಲು ಅದೇ. ಹೊಸ ಹೋಸಿನ ತುದಿಯನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಸೇರಿಸಿ, ಬೆಂಕಿ ತೋರಿಸಬೇಡಿ.

ಮಲವನ್ನು ಸಮುದ್ರಕ್ಕೆ ಬಿಡದೆ ದೋಣಿಯಲ್ಲೇ ಕೂಡಿಡುವ ಹೋಲ್ಡಿಂಗ್ ಟ್ಯಾಂಕಿನ ನಿಯಮ ಊರೂರಿಗೂ ಬೇರೆ. ಅಮೆರಿಕದಲ್ಲಿ ದಡದಿಂದ 3 ನಾಟಿಕಲ್ ಮೈಲಿಯೊಳಗೆ ಸಂಸ್ಕರಿಸದ ಮಲ ಬಿಡುವಂತಿಲ್ಲ. ಹೋಗುವ ಬಂದರಿನಲ್ಲಿ ಕೇಳಿಕೊಂಡು, ಟ್ಯಾಂಕಿಗೆ ಜಾಗ ಬಿಟ್ಟೇ ಹೋಸಿನ ದಾರಿ ನಿರ್ಧರಿಸಿ.

ಎಲ್ಲ ಮುಗಿದು ದೋಣಿ ನೀರಿಗಿಳಿದ ಮೇಲೆ, ಎಲ್ಲ ಜೋಡಣೆಗೂ ಟಿಶ್ಯೂ ಪೇಪರ್ ಸುತ್ತಿ. ಎರಡೂ ಸೀಕಾಕ್ ತೆರೆದು, ಲಿವರನ್ನು ಫ್ಲಶ್ ಕಡೆಗಿಟ್ಟು ಒಂದಷ್ಟು ಸಲ ಪಂಪ್ ಮಾಡಿ. ಆಮೇಲೆ ಲಿವರನ್ನು ಮುಟ್ಟದೆ ಬೋಗುಣಿಯ ನೀರು ನಿಂತ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಒಂದು ಗಂಟೆ ಅಲ್ಲೇ ಇರಿ. ಸುಮ್ನೆ ಚಹಾ ಕುಡಿಯಲು ಎದ್ದು ಹೋಗಬೇಡಿ. ನೀರು ಗುರುತಿಗಿಂತ ಮೇಲೇರಿದರೆ ಸೀಕಾಕ್ ಮುಚ್ಚಿ ಲೂಪಿನ ವಾಲ್ವ್ ಬಿಚ್ಚಿ ನೋಡಿ. ಪೇಪರ್ ಒದ್ದೆಯಾದ ಕಡೆ ಕ್ಲಿಪ್ ಬಿಗಿ ಮಾಡಿ. ಬೀರುವಿನ ಹಲಗೆಯ ಸ್ಕ್ರೂ ಹಾಕುವುದು ಇದೆಲ್ಲ ಆದ ಮೇಲೆ.