ತವಿಲಿಸ್: ಸಿಹಿನೀರಿನ ಬೂತಾಯಿ

ಕರಾವಳಿಯವರಿಗೆ ಬೂತಾಯಿ ಗೊತ್ತೇ ಇದೆ. ಕುಂದಾಪುರದ ಕಡೆ ಬೈಗೆ ಅಂತಾರೆ. ಅದು ಸಮುದ್ರದ ಮೀನು. ಆದರೆ ಅದರದೇ ಕುಲದ ಒಂದು ಮೀನು ಸಿಹಿನೀರಿನಲ್ಲೇ ಹುಟ್ಟಿ, ಬೆಳೆದು, ಮೊಟ್ಟೆ ಇಡುತ್ತದೆ. ಅದೇ ತವಿಲಿಸ್. ಫಿಲಿಪೀನ್ಸ್‌ನ ತಾಲ್ ಸರೋವರ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.

ತವಿಲಿಸ್ ಎಂಬುದು ಅಲ್ಲಿನ ಮೀನುಗಾರರು ಕರೆಯುವ ಹೆಸರು. 1927ರಲ್ಲಿ ಮೀನುತಜ್ಞ ಆಲ್ಬರ್ಟ್ ಹೆರ್ ಈ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದಾಗ ಅದನ್ನೇ ಉಳಿಸಿಕೊಂಡರು. ಈಗಿನ ಪೂರ್ತಿ ಹೆಸರು ಸಾರ್ಡಿನೆಲ್ಲಾ ತವಿಲಿಸ್. ನಮ್ಮ ಬೂತಾಯಿ ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಮನೆತನ ಒಂದೇ, ನೋಡಿ.

ತಾಲ್ ಇರುವುದು ಮನಿಲಾದ ದಕ್ಷಿಣಕ್ಕೆ, ಬಟಾಂಗಾಸ್ ಪ್ರಾಂತ್ಯದಲ್ಲಿ. ನಡುನೀರಿನಲ್ಲಿ ಜ್ವಾಲಾಮುಖಿಯ ದ್ವೀಪ. ಹಿಂದೆ ಇದು ಸಮುದ್ರಕ್ಕೆ ತೆರೆದುಕೊಂಡಿತ್ತು. 1754ರ ದೊಡ್ಡ ಸ್ಫೋಟದಲ್ಲಿ ಬೂದಿ, ಕಲ್ಲು ತುಂಬಿ ಆ ಬಾಯಿ ಕಟ್ಟಿಹೋಯಿತು. ಉಳಿದದ್ದು ಪಾನ್ಸಿಪಿತ್ ಎಂಬ ಕಿರಿದಾದ ಹೊಳೆ. ಮಳೆನೀರು ಸೇರುತ್ತಾ ಸೇರುತ್ತಾ ಸರೋವರ ಸಿಹಿಯಾಯಿತು.

ಮೀನು ಅಂಗೈಯುದ್ದ, ಬೆಳ್ಳಿಯ ಹೊಳಪು. ಹೊಟ್ಟೆಯ ಅಂಚಿಗೆ ಬೆರಳಾಡಿಸಿದರೆ ಗರಗಸದ ಹಲ್ಲಿನಂತೆ ಚುಚ್ಚುತ್ತದೆ. ಗರಿಗರಿಯಾಗಿ ಕರಿದು, ವಿನೆಗರ್‌ನಲ್ಲಿ ಅದ್ದಿ, ಮುಳ್ಳಿನ ಸಮೇತ ತಿನ್ನುತ್ತಾರೆ. ದಿನದ ಊಟದ ಮೀನು ಇದು, ಅಪರೂಪದ್ದೆಂದು ಯಾರೂ ಎತ್ತಿಟ್ಟದ್ದಲ್ಲ.

ಆದರೂ 2019ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿ ಇದನ್ನು ಅಳಿವಿನ ಅಪಾಯದಲ್ಲಿರುವ ಮೀನುಗಳಿಗೆ ಸೇರಿಸಿತು. ಹಿಡಿದದ್ದು ಜಾಸ್ತಿಯಾಯಿತು, ಅದರಲ್ಲೂ ಕಾನೂನು ಮೀರಿದ ಬಲೆಗಳಲ್ಲಿ. ಸಾಕಣೆ ಪಂಜರಗಳಿಗೆ ಸುರಿಯುವ ಮೇವಿನಿಂದ ನೀರು ಕೆಟ್ಟಿತು. ಹೊರಗಿನಿಂದ ಬಂದ ಮೀನುಗಳೂ ಸೇರಿಕೊಂಡವು.

ಇಲ್ಲಿ "ಒಂದೇ ಸರೋವರ" ಅನ್ನುವ ಮಾತಿನ ತೂಕ ಗೊತ್ತಾಗುತ್ತದೆ. ಮಂಗಳೂರಿನ ಬಂದರಿಗೆ ಒಂದು ವರ್ಷ ಬೂತಾಯಿ ಕಡಿಮೆ ಬಂದರೆ ಮಾರುಕಟ್ಟೆಯಲ್ಲಿ ಬೆಲೆ ಏರುತ್ತದೆ, ಎಲ್ಲರೂ ಬೇಸರಪಡುತ್ತಾರೆ. ಆದರೂ ಅದರ ಸಮುದ್ರ ಅರಬ್ಬಿಯಷ್ಟು ಅಗಲ. ಮುಂದೊಂದು ವರ್ಷ ಹಿಂಡು ಮತ್ತೆ ಬರಬಹುದು. ತವಿಲಿಸ್‌ಗೆ ಬೇರೆ ಕಡೆಯಿಂದ ಬಂದು ಸೇರುವ ನೆಂಟರೇ ಇಲ್ಲ, ಅಲ್ವಾ? ತಾಲ್‌ನಲ್ಲಿ ಮುಗಿದರೆ ಮುಗಿಯಿತು.

ಅದಕ್ಕೇ ಅಲ್ಲಿ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ, ಮೊಟ್ಟೆ ಇಡುವ ಹೊತ್ತಿಗೆ, ತವಿಲಿಸ್ ಹಿಡಿಯುವುದಕ್ಕೆ ನಿಷೇಧವಿದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ದೋಣಿಗಳು ದಡ ಸೇರುವಂತೆ, ಅಲ್ಲಿ ಬೇಸಿಗೆಯಲ್ಲಿ ತವಿಲಿಸ್ ಬಲೆಗಳು ಮನೆ ಸೇರಬೇಕು.