ಕಣ್ಣು ಮುಚ್ಚಿ ನಿಲ್ಲಿಸಿ ಡಾಕ್ಟರು ನೋಡುವುದು ಏನನ್ನು?

ಪ್ರಶ್ನೆ: ನನ್ನ ತಾಯಿಗೆ 63 ವರ್ಷ. ಕೆಲವು ತಿಂಗಳಿಂದ ಮುಖ ತೊಳೆಯುವಾಗ ಮುಗ್ಗರಿಸಿದಂತಾಗುತ್ತದೆ ಎನ್ನುತ್ತಾರೆ. ಕಣ್ಣಿನಲ್ಲಿ ದೋಷವಿಲ್ಲ. ನರರೋಗ ತಜ್ಞರು ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಲು ಹೇಳಿದರು. ಅಮ್ಮ ವಾಲಿಬಿಟ್ಟರು. ‘ರಾಂಬರ್ಗ್ ಪಾಸಿಟಿವ್’ ಎಂದು ಬರೆದು ರಕ್ತ ಪರೀಕ್ಷೆಗೆ ಕಳಿಸಿದ್ದಾರೆ. ಕಣ್ಣು ಮುಚ್ಚಿದರೆ ಯಾರಾದರೂ ವಾಲುವುದಿಲ್ಲವೇ? ಇದರಿಂದ ಏನು ತಿಳಿಯುತ್ತದೆ?

ಉತ್ತರ: ಎಲ್ಲರೂ ಸ್ವಲ್ಪ ತೂಗುತ್ತಾರೆ, ನಿಜ. ಆದರೆ ಆರೋಗ್ಯವಂತರು ಬೀಳುವುದಿಲ್ಲ, ಹೆಜ್ಜೆ ಕಿತ್ತಿಡುವುದೂ ಇಲ್ಲ. ಅಮ್ಮನ ಕಣ್ಣು ಮುಚ್ಚಿಸಿದರೂ ಡಾಕ್ಟರು ಪರೀಕ್ಷಿಸಿದ್ದು ಕಣ್ಣನ್ನಲ್ಲ, ಕಾಲನ್ನು.

ನಾವು ನೆಟ್ಟಗೆ ನಿಂತಿದ್ದೇವೆಯೇ ಎಂಬ ಸುದ್ದಿ ಮೆದುಳಿಗೆ ಮೂರು ಕಡೆಯಿಂದ ಬರುತ್ತದೆ. ಕಣ್ಣು ಒಂದು. ಒಳಕಿವಿಯ ಅರ್ಧವೃತ್ತ ನಾಳಗಳು ಮತ್ತು ಅವುಗಳ ಪಕ್ಕದ ಪುಟ್ಟ ಚೀಲಗಳು ಇನ್ನೊಂದು. ತಲೆ ತಿರುಗಿದ್ದು, ಓರೆಯಾದದ್ದು ಇವುಗಳಿಗೆ ತಿಳಿಯುತ್ತದೆ. ಮೂರನೆಯದಕ್ಕೆ ನಾವು ಲೆಕ್ಕವೇ ಕೊಡುವುದಿಲ್ಲ: ಅಂಗಾಲು, ಕೀಲು, ಸ್ನಾಯುಗಳಿಂದ ಬೆನ್ನುಹುರಿಯ ಹಿಂಭಾಗದ ನರತಂತುಗಳ ಮೂಲಕ ಮೇಲೇರುವ ಸುದ್ದಿ. ಕರೆಂಟು ಹೋದಾಗ ಕತ್ತಲಲ್ಲೇ ಅಡುಗೆಮನೆಗೆ ನಡೆದು ಬೆಂಕಿಪೊಟ್ಟಣ ತರುತ್ತೇವಲ್ಲ, ಆಗ ನಮ್ಮನ್ನು ಬೀಳದಂತೆ ಕಾಯುವುದರಲ್ಲಿ ಈ ಅಂಗಾಲಿನ ಪಾಲು ದೊಡ್ಡದು.

ಮೂರರಲ್ಲಿ ಎರಡು ಸರಿಯಿದ್ದರೆ ಸಾಮಾನ್ಯವಾಗಿ ನಿಲ್ಲಬಹುದು. ಕಾಲಿನ ಸುದ್ದಿ ನಿಂತುಹೋದವರು ತಮಗೇ ತಿಳಿಯದಂತೆ ಕಣ್ಣಿನ ಆಸರೆಯಲ್ಲಿ ದಿನ ದೂಡುತ್ತಿರುತ್ತಾರೆ. ಆ ಆಸರೆ ತಪ್ಪುವುದು ಬಚ್ಚಲಲ್ಲಿ, ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ. ನಿಮ್ಮ ತಾಯಿ ಹೇಳಿದ್ದು ನರತಜ್ಞರಿಗೆ ತುಂಬ ಹಳೆಯ, ತುಂಬ ಬೆಲೆಯುಳ್ಳ ಸುಳಿವು. ಕಣ್ಣಿನ ಡಾಕ್ಟರನ್ನು ಕಂಡು ಬಂದದ್ದು ತಪ್ಪಲ್ಲ. ಆದರೆ ಅವರ ದೇಹದಲ್ಲಿ ಸದ್ಯ ದುಪ್ಪಟ್ಟು ದುಡಿಯುತ್ತಿರುವುದೇ ಆ ಕಣ್ಣು.

ಬರ್ಲಿನ್ನಿನ ವೈದ್ಯ ಮೊರಿಟ್ಜ್ ರಾಂಬರ್ಗ್ 1840ರ ದಶಕದಲ್ಲಿ ಈ ಲಕ್ಷಣವನ್ನು ವಿವರಿಸಿದರು. ಅವರು ನೋಡುತ್ತಿದ್ದುದು ಸಿಫಿಲಿಸ್ ರೋಗ ಬೆನ್ನುಹುರಿಯನ್ನು ಹಾಳುಮಾಡಿದ್ದವರನ್ನು. ಪೆನಿಸಿಲಿನ್ ಬಂದ ಮೇಲೆ ಆ ಕಾಯಿಲೆ ಅಪರೂಪವಾಯಿತು, ಪರೀಕ್ಷೆ ಉಳಿಯಿತು. ಒಂದು ಖರ್ಚಿಲ್ಲ, ಒಂದು ಯಂತ್ರವಿಲ್ಲ. ಇಷ್ಟು ಅಗ್ಗದ ಪರೀಕ್ಷೆ ಇಷ್ಟು ಹೇಳುವುದು ನನಗೆ ಈಗಲೂ ಸೋಜಿಗ.

ಇದನ್ನು ಮೈಯ ಚಲನೆಗಳನ್ನು ಹೊಂದಿಸುವ ಕಿರುಮೆದುಳಿನ ಪರೀಕ್ಷೆ ಎಂದುಕೊಳ್ಳುವವರು ಬಹಳ. ಕಿರುಮೆದುಳು ಕೆಟ್ಟವರು ಕಣ್ಣು ಬಿಟ್ಟುಕೊಂಡಿದ್ದರೂ ತೂರಾಡುತ್ತಾರೆ. ಕಣ್ಣು ಬಿಟ್ಟಾಗ ನಿಂತು, ಮುಚ್ಚಿದಾಗ ಬಿದ್ದರೆ ಮಾತ್ರ ರಾಂಬರ್ಗ್ ಪಾಸಿಟಿವ್.

ಒಳಕಿವಿಯ ತೊಂದರೆ ಈ ಪರೀಕ್ಷೆಯಿಂದ ತಪ್ಪಿಸಿಕೊಂಡುಬಿಡಬಹುದು. ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಇಂಜೆಕ್ಷನ್ನಿನಿಂದ ಎರಡೂ ಒಳಕಿವಿಗೆ ಪೆಟ್ಟುಬಿದ್ದವರು ಗಟ್ಟಿ ನೆಲದ ಮೇಲೆ ಕಣ್ಣು ಮುಚ್ಚಿಯೂ ನಿಂತಾರು, ಏಕೆಂದರೆ ಅವರ ಅಂಗಾಲು ಕೆಲಸ ಮಾಡುತ್ತಿದೆ. ಅಂಥವರನ್ನು ದಪ್ಪ ಫೋಮಿನ ಮೇಲೆ ನಿಲ್ಲಿಸುತ್ತಾರೆ. ಮೆತ್ತನೆಯ ಫೋಮು ಅಂಗಾಲಿನ ಸುದ್ದಿಯನ್ನು ಕಲಸುಮೇಲೋಗರ ಮಾಡುತ್ತದೆ. ಅಮೆರಿಕದ ಆನ್ ಶಮ್‌ವೇ-ಕುಕ್ ಮತ್ತು ಫೇ ಹೊರಾಕ್ 1986ರಲ್ಲಿ ಈ ಉಪಾಯವನ್ನು ಆರು ಸ್ಥಿತಿಗಳ ಪರೀಕ್ಷೆಯಾಗಿ ರೂಪಿಸಿದರು: ಗಟ್ಟಿ ನೆಲ ಮತ್ತು ಫೋಮು, ಎರಡರ ಮೇಲೂ ಕಣ್ಣು ಬಿಟ್ಟು, ಕಣ್ಣು ಮುಚ್ಚಿ, ಆಮೇಲೆ ತಲೆಗೆ ಕಾಗದದ ಜಪಾನಿ ಗೂಡುದೀಪ ತೊಡಿಸಿ! ನಗಬೇಡಿ. ತಲೆ ವಾಲಿದಂತೆ ಗೂಡುದೀಪವೂ ವಾಲುವುದರಿಂದ ‘ಏನೂ ಅಲುಗಿಲ್ಲ’ ಎಂದು ಕಣ್ಣು ಸುಳ್ಳು ವರದಿ ಒಪ್ಪಿಸುತ್ತದೆ. ನಿಲ್ದಾಣದಲ್ಲಿ ಪಕ್ಕದ ಬಸ್ಸು ಹೊರಟಾಗ ನಮ್ಮದೇ ಹಿಂದಕ್ಕೆ ಸರಿದಂತೆ ಅನಿಸುವುದೂ ಕಣ್ಣಿನ ಇಂಥದೇ ಸುಳ್ಳು. ಒಂದೊಂದು ಸ್ಥಿತಿಯಲ್ಲೂ 30 ಸೆಕೆಂಡು ನಿಲ್ಲಬೇಕು. ಗಟ್ಟಿ ನೆಲದ ಮೇಲೆ ನಿಂತವರು ಫೋಮಿನ ಮೇಲೆ ಕಣ್ಣು ಮುಚ್ಚಿದೊಡನೆ ಬಿದ್ದರೆ ಅನುಮಾನ ಒಳಕಿವಿಯ ಕಡೆಗೆ ತಿರುಗುತ್ತದೆ. ಈಗ ಹಲವು ಕಡೆ ಗೂಡುದೀಪ ಕೈಬಿಟ್ಟು ನಾಲ್ಕೇ ಸ್ಥಿತಿಗಳಲ್ಲಿ ಮುಗಿಸುತ್ತಾರೆ.

ನಿಮ್ಮ ತಾಯಿಯವರ ವಿಷಯಕ್ಕೆ ಬರುತ್ತೇನೆ. ರಕ್ತ ಪರೀಕ್ಷೆ ಬಹುಶಃ ವಿಟಮಿನ್ ಬಿ12 ಮತ್ತು ಸಕ್ಕರೆಗಾಗಿ. ಬಿ12 ಕೊರತೆ ಬೆನ್ನುಹುರಿಯ ಅದೇ ಹಿಂಭಾಗವನ್ನು ಸವೆಸುತ್ತದೆ. ಮಧುಮೇಹ ಕಾಲಿನ ನರಗಳನ್ನು ಕೆಡಿಸುತ್ತದೆ. ಸೊಪ್ಪು, ಕಾಳು, ತರಕಾರಿಗಳಿಂದ ಬಿ12 ದಕ್ಕುವುದಿಲ್ಲ. ಆದ್ದರಿಂದ ಶುದ್ಧ ಸಸ್ಯಾಹಾರಿಗಳು, ಅದರಲ್ಲೂ ಹಾಲು ಮೊಸರು ಕಡಿಮೆ ತೆಗೆದುಕೊಳ್ಳುವವರು, ಎಚ್ಚರದಿಂದಿರಬೇಕು. ಸಕ್ಕರೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲೂ ಬಿ12 ಇಳಿಯಬಹುದು. ಕೊರತೆಯೇ ಕಾರಣವಾಗಿದ್ದರೆ ಇಂಜೆಕ್ಷನ್ ಇದೆ. ಬೇಗ ಶುರುವಾದಷ್ಟೂ ನರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಪರೀಕ್ಷೆಯನ್ನು ‘ಮುಂದಿನ ತಿಂಗಳು ನೋಡೋಣ’ ಎಂದು ತಳ್ಳಬೇಡಿ.

ಅಲ್ಲಿಯವರೆಗೆ ಅವರು ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತೇ ಮುಖ ತೊಳೆಯಲಿ, ರಾತ್ರಿ ಓಡಾಡುವ ಜಾಗದಲ್ಲಿ ಒಂದು ದೀಪ ಉರಿಯಲಿ. ಕಣ್ಣು ಮುಚ್ಚಿ ನಿಲ್ಲಿಸುವ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ. ಡಾಕ್ಟರು ಕೈ ಚಾಚಿಕೊಂಡು ಪಕ್ಕದಲ್ಲೇ ನಿಂತಿದ್ದರು ಎಂಬುದು ನೆನಪಿರಲಿ.

ಮನೆಯಲ್ಲಿ ಅವರನ್ನು ಒಂದು ಮಾತು ಮಾತ್ರ ಕೇಳಿ: ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿಕೊಳ್ಳುತ್ತದೆಯೇ? ಕಳಚುವುದು ಗೊತ್ತಾಗುತ್ತಿದೆ, ತಡೆಯಲಾಗುತ್ತಿಲ್ಲ ಎಂದರೆ ಕಾಲಿನ ಬಲ ಕುಗ್ಗಿರಬಹುದು. ನಾಲ್ಕು ಹೆಜ್ಜೆ ಮುಂದೆ ಹೋಗಿ, ಕೆಳಗೆ ನೋಡಿದಾಗಷ್ಟೇ ಬರಿಗಾಲೆಂದು ತಿಳಿಯಿತು ಎಂದರೆ ಸ್ಪರ್ಶಜ್ಞಾನವೇ ಕುಗ್ಗಿರಬಹುದು. ಉತ್ತರವನ್ನು ಬರೆದಿಟ್ಟುಕೊಂಡು ರಕ್ತ ಪರೀಕ್ಷೆಯ ವರದಿಯ ಜೊತೆಗೇ ಒಯ್ಯಿರಿ.